ಪೀಠದ ಕೆಳಗಿನ ಹೆಸರು: ಷ. ಶೆಟ್ಟರ್ ಮತ್ತು ಕಲೆಗಾರರ ಚರಿತ್ರೆ

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಕವಲೊಡೆಯುವ ರೈಲುಹಳಿಯೊಂದು ಹೊಳಲ್ಕೆರೆ, ಚಿತ್ರದುರ್ಗ, ಚಳ್ಳಕೆರೆಗಳ ಕಡೆಯಿಂದ ರಾಯದುರ್ಗಕ್ಕೆ ಹೋಗುತ್ತದೆ. ಆ ಹಾದಿಯ ಆಚೆ ತುದಿಯಲ್ಲಿ ಮೊಳಕಾಲ್ಮೂರು ತಾಲ್ಲೂಕು. ಅಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ತಾಣಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದಾಗ ಚರಿತ್ರೆಕಾರರ ಕಣ್ಣು ಸಹಜವಾಗಿಯೇ ಅಶೋಕನ ಮೇಲೆ ಬಿತ್ತು. ಮೌರ್ಯರ ಆಳ್ವಿಕೆ ದಕ್ಷಿಣದಲ್ಲಿ ಇಲ್ಲಿಯವರೆಗೂ ಹಬ್ಬಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತ್ತು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಇದು ಎಂದು ತಿಳಿಯಿತು. ಇಸಿಲ ಎಲ್ಲಿ, ಸುವರ್ಣಗಿರಿ ಯಾವುದು ಎಂಬ ಚರ್ಚೆ ಶುರುವಾಯಿತು.

ಆದರೆ ಆ ಶಾಸನದ ಕೊನೆಯಲ್ಲಿ ಇನ್ನೊಂದು ಹೆಸರಿದೆ. ಇದನ್ನು ಬರೆದವನು ಚಪಡ ಎಂದು ಬ್ರಾಹ್ಮಿ ಲಿಪಿಯಲ್ಲಿ ಹೇಳಿ, ಅದಕ್ಕೆ ಸೇರಿದಂತೆ ಲಿಪಿಕಾರ ಎಂಬ ಅರ್ಥದ ಒಂದೇ ಒಂದು ಪದವನ್ನು ಖರೋಷ್ಠಿ ಲಿಪಿಯಲ್ಲಿ ಬರೆಯಲಾಗಿದೆ. ಹೆಸರನ್ನು ಪಡ ಎಂದು ಓದಿದವರೂ ಉಂಟು. ಖರೋಷ್ಠಿಯು ಗಾಂಧಾರದ ಸುತ್ತಮುತ್ತ, ಅಂದರೆ ಉಪಖಂಡದ ವಾಯವ್ಯ ಮೂಲೆಯಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲೆ ಅದನ್ನು ಓದಬಲ್ಲವರು ಆಗ ಎಷ್ಟು ಜನ ಇದ್ದಿರಬಹುದು? ಪ್ರಾಯಶಃ ಬೆರಳೆಣಿಕೆಯಷ್ಟು. ಹಾಗಿದ್ದೂ ಚಪಡ ತನ್ನ ಕಸುಬಿನ ಹೆಸರನ್ನು ಆ ಲಿಪಿಯಲ್ಲೇ ಬರೆದ. ಅದು ಊರ ನೆನಪೋ, ಎರಡು ಲಿಪಿ ಬಲ್ಲೆನೆಂಬ ಹೆಮ್ಮೆಯೋ, ಕೈಗೆ ಕೂತ ಅಭ್ಯಾಸವೋ ನಿಶ್ಚಯಿಸುವುದು ಕಷ್ಟ. ಆದರೆ ಕ್ರಿಸ್ತಪೂರ್ವ 3ನೇ ಶತಮಾನದ ಒಬ್ಬ ಕೆಲಸಗಾರ ದೊರೆಯ ಮಾತಿನ ಕೆಳಗೆ ತನ್ನ ಗುರುತನ್ನು ಬಿಟ್ಟುಹೋಗಿದ್ದಾನೆ.

ಇಂಥ ಹೆಸರುಗಳಿಗೆ ಚರಿತ್ರೆಯಲ್ಲಿ ಎಷ್ಟು ಜಾಗ ಕೊಡಬೇಕು ಎಂಬುದನ್ನು ತಮ್ಮ ಜೀವಮಾನದ ಪ್ರಶ್ನೆಗಳಲ್ಲಿ ಒಂದಾಗಿ ಮಾಡಿಕೊಂಡವರು ಪ್ರೊ. ಷ. ಶೆಟ್ಟರ್. ಕನ್ನಡದ ಬಹುಪಾಲು ಓದುಗರು ಅವರನ್ನು ಬಲ್ಲದ್ದು 2007ರಲ್ಲಿ ಬಂದ 'ಶಂಗಂ ತಮಿಳಗಂ ಮತ್ತು ಕನ್ನಡ ನಾಡು-ನುಡಿ' ಎಂಬ ಪುಸ್ತಕದಿಂದ. ಹಾಗಾಗಿ ಭಾಷೆಯ ಚರಿತ್ರೆ ಬರೆದವರು ಎಂದೇ ಅವರನ್ನು ಗುರುತಿಸುವ ರೂಢಿ ಬೆಳೆದಿದೆ. ಆದರೆ ಅದಕ್ಕೆ ಮೊದಲು ಸುಮಾರು ನಾಲ್ಕು ದಶಕ ಅವರು ಕಲಾ ಇತಿಹಾಸಕಾರರಾಗಿದ್ದರು. ಈ ಎರಡು ಘಟ್ಟಗಳನ್ನು ಬೇರೆ ಬೇರೆಯಾಗಿ ನೋಡಿದರೆ ಶೆಟ್ಟರ್ ಅರ್ಧ ಮಾತ್ರ ಕಾಣುತ್ತಾರೆ. ಶಿಲ್ಪದ ಪೀಠದ ಕೆಳಗೆ ಹೆಸರು ಕೊರೆದ ರೂವಾರಿಯನ್ನು ಹುಡುಕುತ್ತಾ ಹೊರಟ ವಿದ್ವಾಂಸರೇ ಮುಂದೆ ಶಾಸನದ ಕೊನೆಯ ಸಾಲಿನಲ್ಲಿ ನಿಂತಿರುವ ಲಿಪಿಕಾರನ ಬಳಿಗೆ ಬಂದರು. ಎರಡೂ ಕಡೆ ಅವರು ಹಿಂಬಾಲಿಸಿದ್ದು ಕೆಲಸ ಮಾಡಿದ ಕೈಯನ್ನು.

ಶೆಟ್ಟರ್ ಹುಟ್ಟಿದ್ದು 1935ರ ಡಿಸೆಂಬರ್ 11ರಂದು, ಅಂದಿನ ಬಳ್ಳಾರಿ ಜಿಲ್ಲೆಯ ಹಂಪಸಾಗರದಲ್ಲಿ. ಮೈಸೂರು, ಧಾರವಾಡ, ಕೇಂಬ್ರಿಡ್ಜ್‌ಗಳಲ್ಲಿ ಓದಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ಪುರಾತತ್ವದ ಪ್ರಾಧ್ಯಾಪಕರಾಗಿ, ಅಲ್ಲಿನ ಭಾರತೀಯ ಕಲಾ ಇತಿಹಾಸ ಸಂಸ್ಥೆಯ ನಿರ್ದೇಶಕರಾಗಿ ದೀರ್ಘಕಾಲ ದುಡಿದರು. 1996ರಿಂದ 1999ರವರೆಗೆ ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಆಮೇಲೆ ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನಲ್ಲಿ ಸಂಶೋಧನೆ ಮುಂದುವರಿಸಿದರು. 2020ರ ಫೆಬ್ರವರಿ 28ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಹುದ್ದೆಗಳ ಈ ಪಟ್ಟಿ ಒಬ್ಬ ಯಶಸ್ವಿ ಪ್ರಾಧ್ಯಾಪಕರದು. ಅದರೊಳಗೆ ಬೆಳೆಯುತ್ತಾ ಹೋದ ಪ್ರಶ್ನೆಯನ್ನು ತಿಳಿಯಬೇಕಾದರೆ ಅವರು ಈ ಕ್ಷೇತ್ರಕ್ಕೆ ಬಂದಾಗ ಕಲಾ ಇತಿಹಾಸ ಹೇಗಿತ್ತು ಎಂಬುದನ್ನು ನೋಡಬೇಕು.

ಕರ್ನಾಟಕದ ದೇವಾಲಯಗಳನ್ನು ಆಧುನಿಕ ಅರ್ಥದಲ್ಲಿ ಅಧ್ಯಯನ ಮಾಡಿದ ಮೊದಲಿಗರಿಗೆ ಮುಖ್ಯವಾಗಿದ್ದದ್ದು ಶೈಲಿ. 19ನೇ ಶತಮಾನದಲ್ಲಿ ಜೇಮ್ಸ್ ಫರ್ಗ್ಯುಸನ್ ಭಾರತದ ವಾಸ್ತುವನ್ನು ಶೈಲಿಗಳಾಗಿ ವಿಂಗಡಿಸಿದಾಗ, ಈ ಕಡೆಯ ಗುಡಿಗಳು ಚಾಲುಕ್ಯ ಶೈಲಿ ಎಂಬ ಹಣೆಪಟ್ಟಿಯಡಿ ಸೇರಿದವು. ಅಲ್ಲಿಂದ ಮುಂದೆ ರಾಜವಂಶದ ಹೆಸರೇ ಕಲೆಯ ಹೆಸರಾಯಿತು. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ. ನಾವು ಇಂದಿಗೂ ಶಾಲೆಯ ಪುಸ್ತಕದಲ್ಲಿ ಓದುವುದು ಈ ಕ್ರಮದಲ್ಲಿಯೇ. ಈ ವಿಂಗಡಣೆ ಅನುಕೂಲಕರ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ಒಂದು ಭ್ರಮೆಯನ್ನೂ ಹುಟ್ಟಿಸುತ್ತದೆ. ದೊರೆ ಬದಲಾದ ಕೂಡಲೇ ಕಲ್ಲು ಕೆತ್ತುವ ಕೈಯೂ ಬದಲಾಯಿತೇನೋ ಎಂದು ಓದುಗ ನಂಬಿಬಿಡುತ್ತಾನೆ. ಪಟ್ಟ ತಪ್ಪಿದ ದೊರೆಯೊಂದಿಗೆ ಚಾಣ ಹಿಡಿದವರು ಮಾಯವಾಗಲಿಲ್ಲ. ಅವರು ಇನ್ನೊಂದು ಊರಿಗೆ, ಇನ್ನೊಬ್ಬ ಒಡೆಯನ ಕೆಲಸಕ್ಕೆ ಹೋದರು.

ಇನ್ನೊಂದು ಕಡೆ ಆನಂದ ಕುಮಾರಸ್ವಾಮಿಯವರ ಪ್ರಭಾವವಿತ್ತು. ಪರಂಪರೆಯ ಭಾರತೀಯ ಕಲಾವಿದ ಅನಾಮಧೇಯ, ತನ್ನ ಹೆಸರಿಗಾಗಿ ಹಂಬಲಿಸದವನು, ಅವನ ಕೆಲಸ ವ್ಯಕ್ತಿಗೆ ಮೀರಿದ್ದು ಎಂಬ ವಿಚಾರವನ್ನು ಅವರು ಬಹಳ ಗಂಭೀರವಾಗಿ ಮಂಡಿಸಿದ್ದರು. ಪಶ್ಚಿಮದ ವ್ಯಕ್ತಿಪೂಜೆಗೆ ಎದುರಾಗಿ ನಿಲ್ಲುವ ಈ ಚಿತ್ರಕ್ಕೆ ಒಂದು ಘನತೆ ಇದೆ. ಆದರೆ ಬೇಲೂರಿಗೆ ಹೋಗಿ ಶಿಲ್ಪಗಳ ಪೀಠವನ್ನು ಬಗ್ಗಿ ನೋಡಿದವರಿಗೆ ಈ ಮಾತು ಪೂರ್ತಿ ಒಪ್ಪುವುದಿಲ್ಲ. ಅಲ್ಲಿ ಹೆಸರುಗಳಿವೆ, ಊರುಗಳಿವೆ, ತಂದೆಯ ಹೆಸರಿದೆ, ಎದುರಾಳಿ ರೂವಾರಿಗಳನ್ನು ಕೆಣಕುವ ಬಿರುದುಗಳೂ ಇವೆ. ಹೆಸರಿನ ಹಂಬಲವಿಲ್ಲದವರು ಇಷ್ಟು ಗಟ್ಟಿಯಾಗಿ ಬಿರುದು ಕೊರೆದುಕೊಳ್ಳುವುದಿಲ್ಲ.

ಈ ಹೆಸರುಗಳು ಶೆಟ್ಟರ್ ಕಂಡುಹಿಡಿದವಲ್ಲ. ಮೈಸೂರು ಪುರಾತತ್ವ ಇಲಾಖೆಯಲ್ಲಿ ರೈಸ್ ನಂತರ ದುಡಿದ ಆರ್. ನರಸಿಂಹಾಚಾರ್ ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳ ಗುಡಿಗಳ ಬಗ್ಗೆ ಬರೆದ ಕಿರುಹೊತ್ತಗೆಗಳಿಂದ, ಇಲಾಖೆಯ ವಾರ್ಷಿಕ ವರದಿಗಳಿಂದ ರೂವಾರಿಗಳ ಹೆಸರುಗಳು ಆಗಲೇ ಹೊರಬಂದಿದ್ದವು. 20ನೇ ಶತಮಾನದ ಮೊದಲ ಎರಡು ದಶಕಗಳ ಈ ಕೆಲಸ ಇಲ್ಲದಿದ್ದರೆ ಮುಂದಿನ ಯಾವ ಅಧ್ಯಯನವೂ ಸಾಧ್ಯವಿರಲಿಲ್ಲ. ಆದರೆ ಅಲ್ಲಿ ಹೆಸರುಗಳು ಮುಖ್ಯವಾಗಿ ಪಟ್ಟಿಯ ರೂಪದಲ್ಲಿದ್ದವು. ಯಾವ ವಿಗ್ರಹದ ಕೆಳಗೆ ಯಾರ ಹೆಸರು ಎಂಬ ಲೆಕ್ಕ. ಆ ಪಟ್ಟಿಯನ್ನು ಮನುಷ್ಯರ ಚರಿತ್ರೆಯಾಗಿ ಓದಬೇಕಿತ್ತು. ಇವರು ಎಲ್ಲಿಂದ ಬಂದರು, ಒಂದು ಗುಡಿ ಮುಗಿದ ಮೇಲೆ ಎಲ್ಲಿಗೆ ಹೋದರು, ಯಾರ ಮಗ ಯಾರು, ಯಾರ ಜೊತೆ ಯಾರು ಕೆಲಸ ಮಾಡಿದರು, ಬರೆಯಲು ಯಾರಿಗೆ ಬರುತ್ತಿತ್ತು?

ಶೆಟ್ಟರ್ ಇಂಥ ಪ್ರಶ್ನೆಗಳನ್ನು ಹಿಡಿದು 1970ರ ದಶಕದಲ್ಲಿಯೇ ಮಧ್ಯಯುಗದ ಕಲಾವಿದರ ಅಲೆದಾಟದ ಬಗ್ಗೆ ಬರೆದರು. 1975ರಲ್ಲಿ ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಹೊಯ್ಸಳ ಶಿಲ್ಪಗಳನ್ನು ಕುರಿತ ಅವರ ಪುಸ್ತಕ ಬಂತು. 1990ರ ದಶಕದ ಮೊದಲಲ್ಲಿ 'ಹೊಯ್ಸಳ ಟೆಂಪಲ್ಸ್' ಎಂಬ ಎರಡು ಸಂಪುಟಗಳ ದೊಡ್ಡ ಕೃತಿ ಹೊರಬಂತು. ಹೊಯ್ಸಳ ವಾಸ್ತುವಿನ ಮೇಲೆ ಗಂಭೀರವಾಗಿ ಕೆಲಸ ಮಾಡುವ ಯಾರೂ ಇದನ್ನು ಬದಿಗಿಟ್ಟು ಮುಂದೆ ಹೋಗಲಾರರು.

ಅಲೆದಾಟ ಎಂಬ ಮಾತನ್ನು ಬೇಲೂರಿನ ಉದಾಹರಣೆಯಿಂದ ನೋಡೋಣ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯವನ್ನು ನಾವು ಹೊಯ್ಸಳ ಕಲೆಯ ಮೇರುಕೃತಿ ಎಂದು ಕರೆಯುತ್ತೇವೆ. ಆದರೆ ಅಲ್ಲಿ ಕೆತ್ತಿದವರಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ನಾಗೋಜ ಗದಗಿನವನು. ಬಳ್ಳಿಗಾವೆ, ಗದಗು ಎರಡೂ ಕಲ್ಯಾಣದ ಚಾಲುಕ್ಯರ ಸೀಮೆಗೆ ಸೇರಿದ ಊರುಗಳು. ಹೊಯ್ಸಳರು ಆಗಿನ್ನೂ ಚಾಲುಕ್ಯರ ನೆರಳಿನಿಂದ ಹೊರಬರಲು ಹೆಣಗುತ್ತಿದ್ದ ಸಾಮಂತರು. ದೊರೆಗಳ ನಡುವೆ ಸೆಣಸಾಟ ನಡೆದಿದ್ದಾಗಲೇ ರೂವಾರಿಗಳು ಗಡಿ ದಾಟಿ ಬಂದು ಹೊಸ ಗುಡಿ ಕಟ್ಟಿದರು. ಹಾಗಾದರೆ ಬೇಲೂರು ಯಾರ ಕಲೆ? ಹಣ ಕೊಟ್ಟವನನ್ನು ಕೇಳಿದರೆ ಹೊಯ್ಸಳ. ಕೈಯನ್ನು ಕೇಳಿದರೆ ಬಳ್ಳಿಗಾವೆ, ಗದಗು. ಎರಡೂ ಉತ್ತರ ಸರಿಯೇ. ಆದರೆ ಮೊದಲನೆಯ ಉತ್ತರ ಮಾತ್ರ ನಮ್ಮ ಪಠ್ಯಪುಸ್ತಕಕ್ಕೆ ಬಂದಿದೆ.

ಇದಕ್ಕೂ ಹಿಂದೆ, 8ನೇ ಶತಮಾನದ ಪಟ್ಟದಕಲ್ಲಿನಲ್ಲಿಯೂ ಇಂಥದೇ ಮಾತು ಕೇಳಿಬರುತ್ತದೆ. ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇಂದಿನ ವಿರೂಪಾಕ್ಷ ದೇವಾಲಯ. ಅದರ ಶಾಸನಗಳು ಗುಂಡ ಅನಿವಾರಿತಾಚಾರಿ ಮತ್ತು ಸರ್ವಸಿದ್ಧಿ ಆಚಾರಿ ಎಂಬ ಹೆಸರುಗಳನ್ನು ಉಳಿಸಿವೆ. ತೆಂಕಣ ದಿಕ್ಕಿನ ಸೂತ್ರಧಾರಿ ಎಂಬ ವರ್ಣನೆಯೂ ಅಲ್ಲಿದೆ. ರಾಣಿಯ ಹೆಸರಿನ ಜೊತೆಗೇ ಕಟ್ಟಿದವನ ಹೆಸರು ನಿಲ್ಲುವಷ್ಟು ಮನ್ನಣೆ ಅವನಿಗೆ ದೊರಕಿತ್ತು. ಅಂದರೆ ಕಲಾವಿದ ಅನಾಮಧೇಯನಾಗಿದ್ದ ಎಂಬ ಮಾತು ನಮ್ಮ ನಾಡಿನ ಮಟ್ಟಿಗೆ ಅರ್ಧಸತ್ಯ. ಅವನು ಹೆಸರು ಬರೆದಿದ್ದ, ಓದುವ ಗೋಜಿಗೆ ಹೋಗದವರು ನಾವು.

ಈ ಬಗೆಯ ಅಧ್ಯಯನ ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಮಲ್ಲಿತಮ್ಮನೇ ಸಾಕ್ಷಿ. 13ನೇ ಶತಮಾನದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಸುಮಾರು 40 ವಿಗ್ರಹಗಳ ಕೆಳಗೆ ಅವನ ಹೆಸರಿದೆ. ಜೊತೆಗೆ ಮಸಣಿತಮ್ಮ, ಚೌಡೆಯ, ಬಾಲೆಯ, ನಂಜಯ, ಲೋಹಿತ ಮುಂತಾದವರೂ ಇದ್ದಾರೆ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಒಂದು ಬದಿಯ ಕೆಲಸ ಬೈಚೋಜನದು, ಇನ್ನೊಂದು ಬದಿಯದು ಮಲ್ಲಿತಮ್ಮನದು. ತರೀಕೆರೆ ಬಳಿಯ ಅಮೃತಪುರದಲ್ಲಿ 1196ರ ಗುಡಿಯಲ್ಲಿಯೂ ಮಲ್ಲಿತಮ್ಮ ಎಂಬ ಹೆಸರು ಸಿಗುತ್ತದೆ. ಅಮೃತಪುರದಿಂದ ಸೋಮನಾಥಪುರದವರೆಗೆ ಲೆಕ್ಕ ಹಾಕಿದರೆ 60 ವರ್ಷಕ್ಕೂ ಮೀರುತ್ತದೆ. ಬಾಲಕನಾಗಿ ಕೆಲಸಕ್ಕೆ ಸೇರಿ ಮುದುಕನಾಗಿ ಬಿಟ್ಟನೇ? ಅಥವಾ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಂತೆ ಒಂದೇ ಹೆಸರಿನ ಇಬ್ಬರಿದ್ದರೇ? ಕೆಲವು ಕಡೆ ಪೂರ್ತಿ ಹೆಸರು ಬರೆಯದೆ ಮೊದಲ ಅಕ್ಷರ ಮಾತ್ರ ಕೊರೆದದ್ದೂ ಉಂಟು. ಇಲ್ಲಿ ಲಿಪಿಯ ಲಕ್ಷಣ, ಕೆತ್ತನೆಯ ರೀತಿ, ಗುಡಿಯ ಕಾಲ ಮೂರನ್ನೂ ಒಟ್ಟಿಗೆ ತೂಗದೆ ಒಂದು ಮಾತೂ ಆಡಲಾಗದು. ಕಲಾ ಇತಿಹಾಸಕಾರನಿಗೆ ಶಾಸನ ಓದಲು ಬರಬೇಕು, ಶಾಸನತಜ್ಞನಿಗೆ ಶಿಲ್ಪ ನೋಡಲು ಬರಬೇಕು. ಶೆಟ್ಟರ್ ಅವರಲ್ಲಿ ಈ ಎರಡೂ ಕೂಡಿದ್ದೇ ಅವರ ಬರಹದ ಬಲ.

ಹೆಸರು ಕೊರೆದದ್ದು ಏಕೆ ಎಂಬ ಪ್ರಶ್ನೆಗೂ ಒಂದೇ ಉತ್ತರವಿಲ್ಲ. ಅದು ಇಂದಿನ ಚಿತ್ರಕಾರನ ಸಹಿಯಂತೆ ಸ್ವಂತಿಕೆಯ ಘೋಷಣೆ ಆಗಿರಬಹುದು. ಕೂಲಿಯ ಲೆಕ್ಕಕ್ಕೆ ಇಟ್ಟ ಗುರುತೂ ಆಗಿರಬಹುದು. ಬಿರುದುಗಳನ್ನು ನೋಡಿದರೆ ಮೊದಲನೆಯದು ಸರಿ ಎನ್ನಿಸುತ್ತದೆ. ಒಂದಕ್ಷರದ ಗುರುತುಗಳನ್ನು ನೋಡಿದರೆ ಎರಡನೆಯದು. ಎರಡೂ ಅಕ್ಕಪಕ್ಕದಲ್ಲಿಯೇ ಇದ್ದವು ಎಂದರೆ ಬಹುಶಃ ಸತ್ಯಕ್ಕೆ ಹತ್ತಿರ. ಕಲೆ ಮತ್ತು ಕೂಲಿ ಬೇರೆ ಬೇರೆ ಲೋಕದವು ಎಂಬುದು ನಮ್ಮ ಕಾಲದ ಎಣಿಕೆ. ದಾಸೋಜನಿಗೆ ಹಾಗೆ ಅನ್ನಿಸಿರಲಾರದು.

ಜಕಣಾಚಾರಿಯ ಕತೆಯನ್ನು ಇಲ್ಲಿ ನೆನೆಯದೆ ಇರಲಾಗುವುದಿಲ್ಲ. ತಂದೆ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಡಂಕಣ ತೋರಿಸಿದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಬಂದದ್ದು, ತಂದೆ ತನ್ನ ಬಲಗೈ ಕಡಿದುಕೊಂಡದ್ದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಬೇಲೂರಿನ ಶಿಲ್ಪಗಳ ಕೆಳಗೆ ಕೊರೆದ ಹೆಸರುಗಳಲ್ಲಿ ಜಕಣಾಚಾರಿ ಇಲ್ಲ. ಜನಮನದಲ್ಲಿ ಬೆಳೆದ ಈ ಕತೆಗೆ ತನ್ನದೇ ಸೊಗಸಿದೆ, ಅದನ್ನು ಅಳಿಸಬೇಕಾಗಿಲ್ಲ. ಆದರೂ ಒಂದು ವಿಪರ್ಯಾಸವನ್ನು ಗಮನಿಸಬೇಕು. ಕಲ್ಲಿನ ಮೇಲೆ ಇರುವ ಹತ್ತಾರು ಹೆಸರುಗಳನ್ನು ಮರೆತು, ಕಲ್ಲಿನ ಮೇಲೆ ಇಲ್ಲದ ಒಂದು ಹೆಸರನ್ನು ನಾವು ನೆನಪಿನಲ್ಲಿ ಇಟ್ಟುಕೊಂಡಿದ್ದೇವೆ. ಒಬ್ಬ ಮಹಾಶಿಲ್ಪಿ ಎಲ್ಲವನ್ನೂ ಮಾಡಿದ ಎಂದು ನಂಬುವುದು ಸುಲಭ. ಹತ್ತಾರು ಜನ ಬೇರೆ ಬೇರೆ ಊರುಗಳಿಂದ ಬಂದು, ಸ್ಪರ್ಧಿಸಿ, ಹಂಚಿಕೊಂಡು ಮಾಡಿದರು ಎಂಬುದನ್ನು ನೆನಪಿಡಲು ಶ್ರಮ ಬೇಕು. ಆ ಶ್ರಮವೇ ಚರಿತ್ರೆ.

ಹೊಯ್ಸಳ ಗುಡಿಗಳ ಜೊತೆಗೇ ಶೆಟ್ಟರ್ ಮತ್ತೊಂದು ಬಗೆಯ ಕಲ್ಲಿನತ್ತಲೂ ತಿರುಗಿದರು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳು, ನಿಸಿಧಿಗಳು ಹರಡಿಕೊಂಡಿವೆ. ಅವುಗಳಿಂದ ಹುಟ್ಟಿದ್ದು 'ಇನ್ವೈಟಿಂಗ್ ಡೆತ್' ಮತ್ತು 'ಪರ್ಸ್ಯೂಯಿಂಗ್ ಡೆತ್' ಎಂಬ ಎರಡು ಪುಸ್ತಕಗಳು. ಸಾವನ್ನು ತಾನಾಗಿ ಬರಮಾಡಿಕೊಳ್ಳುವ ಆಚರಣೆಯನ್ನು ಹೊಗಳುವ ಅಥವಾ ತೆಗಳುವ ಬದಲು, ಯಾರು, ಯಾವಾಗ, ಹೇಗೆ ಅದನ್ನು ಕೈಗೊಂಡರು ಎಂದು ಕಲ್ಲುಗಳನ್ನು ಕೇಳಿದ ಅಧ್ಯಯನ ಅದು. 1982ರಲ್ಲಿ ಜರ್ಮನಿಯ ವಿದ್ವಾಂಸ ಗುಂಥರ್ ಡೀಟ್ಸ್ ಸೊಂಥೈಮರ್ ಜೊತೆಗೂಡಿ ಸಂಪಾದಿಸಿದ 'ಮೆಮೋರಿಯಲ್ ಸ್ಟೋನ್ಸ್' ವೀರಗಲ್ಲು, ಮಾಸ್ತಿಗಲ್ಲು, ನಿಸಿಧಿಗಳನ್ನು ಗಂಭೀರ ಅಧ್ಯಯನದ ವಸ್ತುವಾಗಿಸಿತು.

ಕಲಾ ಇತಿಹಾಸದ ದೃಷ್ಟಿಯಿಂದ ಇದು ಸಣ್ಣ ಹೆಜ್ಜೆಯಲ್ಲ. ಊರ ಮುಂದಿನ ಕೆರೆ ಏರಿಯ ಮೇಲೋ ಹನುಮಂತನ ಗುಡಿಯ ಮಗ್ಗುಲಲ್ಲೋ ನಿಂತಿರುವ ವೀರಗಲ್ಲನ್ನು ಕಲೆ ಎಂದು ಕರೆಯಲು ಹಿಂದಿನವರು ಹಿಂಜರಿಯುತ್ತಿದ್ದರು. ಅದರ ಕೆತ್ತನೆ ಒರಟು, ಆಕೃತಿಗಳು ಕುಳ್ಳು. ಆದರೆ ತುರು ಕಾಯುತ್ತಾ ಸತ್ತ ಒಬ್ಬ ಸಾಮಾನ್ಯನಿಗೆ ಚರಿತ್ರೆಯಲ್ಲಿ ಇರುವ ಜಾಗ ಅಷ್ಟೇ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಕೈಲಾಸ ಎಂಬ ಮೂರು ಅಂಕಣಗಳ ಈ ಕಲ್ಲು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯವರಿಗೆ ಕಂಡು ರೂಢಿಯಾದದ್ದೇ. ಅರಮನೆಯ ಕಲೆಗೆ ಬಳಸುವ ಅಳತೆಗೋಲಿನಿಂದ ಇದನ್ನು ಅಳೆದರೆ ಅದು ಸೋಲುತ್ತದೆ. ಅದನ್ನು ಯಾರಿಗಾಗಿ, ಯಾರು, ಯಾವ ನೋವಿನಿಂದ ನಿಲ್ಲಿಸಿದರು ಎಂದು ಕೇಳಿದರೆ ಮಾತ್ರ ಅದು ಬಾಯಿ ಬಿಡುತ್ತದೆ.

ಈ ಎಲ್ಲ ದಾರಿಗಳು ಒಂದೆಡೆ ಸೇರಿದ್ದು 2003ರಲ್ಲಿ. ಮೈಸೂರಿನಲ್ಲಿ ನಡೆದ ಭಾರತೀಯ ಇತಿಹಾಸ ಕಾಂಗ್ರೆಸ್ಸಿನ ಅಧಿವೇಶನದಲ್ಲಿ ಶೆಟ್ಟರ್ ಮಾಡಿದ ಅಧ್ಯಕ್ಷ ಭಾಷಣದ ವಸ್ತು ಚರಿತ್ರೆಯಲ್ಲಿ ಕುಶಲಕರ್ಮಿಗಳ ಹೆಜ್ಜೆಗುರುತು. ದೇಶದ ಇತಿಹಾಸಕಾರರೆಲ್ಲ ಸೇರುವ ಸಭೆಯಲ್ಲಿ ಅಧ್ಯಕ್ಷರು ಸಾಮ್ರಾಜ್ಯಗಳ ಬಗ್ಗೆ ಮಾತಾಡಬಹುದಿತ್ತು. ಅವರು ಆರಿಸಿಕೊಂಡದ್ದು ಉಳಿ, ಸುತ್ತಿಗೆ ಹಿಡಿದವರನ್ನು.

70 ವರ್ಷ ದಾಟಿದ ಮೇಲೆ ಅವರು ಕನ್ನಡದಲ್ಲಿ ಬರೆದ ದೊಡ್ಡ ಪುಸ್ತಕಗಳ ಸರಣಿ ಆರಂಭವಾಯಿತು. ಅದುವರೆಗಿನ ಅವರ ಮುಖ್ಯ ಕೃತಿಗಳು ಇಂಗ್ಲಿಷಿನಲ್ಲಿದ್ದವು, ಜಗತ್ತಿನ ವಿದ್ವಾಂಸರು ಅವನ್ನು ಓದುತ್ತಿದ್ದರು. ಆದರೆ ಬಳ್ಳಿಗಾವೆಯ ರೂವಾರಿಯ ವಂಶಸ್ಥನೊಬ್ಬ ಇಂದು ಇದ್ದರೆ ಅವನಿಗೆ ಆ ಪುಸ್ತಕಗಳು ದೂರವೇ. 'ಶಂಗಂ ತಮಿಳಗಂ' ಆ ದೂರವನ್ನು ಮುರಿಯಿತು. ಕನ್ನಡ-ತಮಿಳುಗಳ ಹಳೆಯ ನಂಟನ್ನು ಜಗಳವಾಗಿ ನೋಡದೆ, ನೆರೆಹೊರೆಯಾಗಿ ನೋಡಿದ ಈ ಪುಸ್ತಕ ಮರುಮುದ್ರಣಗಳನ್ನು ಕಂಡಿತು. ಸಂಶೋಧನಾ ಗ್ರಂಥವೊಂದನ್ನು ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಕೊಂಡು ಓದುವುದು ನಮ್ಮಲ್ಲಿ ದಿನನಿತ್ಯದ ಮಾತಲ್ಲ.

2014ರಲ್ಲಿ ಬಂದ 'ಹಳಗನ್ನಡ: ಲಿಪಿ, ಲಿಪಿಕಾರ, ಲಿಪಿ ವ್ಯವಸಾಯ' ಎಂಬ ಪುಸ್ತಕದ ಹೆಸರನ್ನೇ ಗಮನಿಸಬೇಕು. ಲಿಪಿಯ ಚರಿತ್ರೆಯನ್ನು ಬರೆದವರು ಬಹಳ ಜನ. ಅಕ್ಷರದ ತಲೆಕಟ್ಟು ಯಾವ ಶತಮಾನದಲ್ಲಿ ಹೇಗಾಯಿತು ಎಂದು ವಿವರಿಸುವ ಪುಸ್ತಕಗಳಿವೆ. ಲಿಪಿಯ ಮಗ್ಗುಲಲ್ಲಿ ಲಿಪಿಕಾರನನ್ನು ಕೂರಿಸಿ, ಅವನ ಕಸುಬನ್ನು ವ್ಯವಸಾಯ ಎಂದು ಕರೆದದ್ದರಲ್ಲಿ ಕಲಾ ಇತಿಹಾಸಕಾರನ ಕಣ್ಣಿದೆ. ಅಕ್ಷರವೂ ಕಲ್ಲಿನಲ್ಲಿ ಕಂಡರಿಸಿದ ಆಕೃತಿಯೇ. ಶಾಸನದ ಪಠ್ಯ ರಚಿಸುವವನು ಒಬ್ಬ, ಕಲ್ಲಿನ ಮೇಲೆ ಬರೆಯುವವನು ಒಬ್ಬ, ಕೊರೆಯುವವನು ಮತ್ತೊಬ್ಬ ಇರಬಹುದು. ಕೆಲವೊಮ್ಮೆ ಎಲ್ಲವೂ ಒಬ್ಬನೇ. ತಾಳಗುಂದದ ಕಂಬದ ಮೇಲಿನ ಕಾವ್ಯವನ್ನು ರಚಿಸಿದ ಕುಬ್ಜ ಅದನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಕವಿಯ ಹೆಸರನ್ನು ಸಾಹಿತ್ಯ ಚರಿತ್ರೆ ಉಳಿಸಿಕೊಂಡಿತು, ಬರೆದ ಕೈಗೆ ಸಾಹಿತ್ಯ ಚರಿತ್ರೆಯಲ್ಲಿ ಅಧ್ಯಾಯ ಸಿಗಲಿಲ್ಲ. ಆ ಕೈಗಳ ಸಾಲಿನ ಮೊದಲಲ್ಲಿ ಚಿತ್ರದುರ್ಗ ಜಿಲ್ಲೆಯ ಬಂಡೆಯ ಚಪಡ ನಿಲ್ಲುತ್ತಾನೆ. ಮುಂದೆ 2018ರಲ್ಲಿ 'ಪ್ರಾಕೃತ ಜಗದ್ವಲಯ' ಬಂದಾಗ, ಚಪಡ ಬರೆದ ಪ್ರಾಕೃತವೇ ಮತ್ತೊಂದು ದೊಡ್ಡ ಪುಸ್ತಕದ ವಸ್ತುವಾಯಿತು.

ಶೆಟ್ಟರ್ ಅವರ ದಾರಿಗೂ ಒಂದು ಮಿತಿಯಿದೆ. ಹೆಸರು ಹಿಡಿದು ಹೊರಟರೆ ಹೆಸರು ಬರೆದವರು ಮಾತ್ರ ಸಿಗುತ್ತಾರೆ. ಗಣಿಯಲ್ಲಿ ಬಳಪದ ಕಲ್ಲನ್ನು ಎಬ್ಬಿಸಿದವರು, ಗಾಡಿ ಹೊಡೆದವರು, ಕೆತ್ತನೆಯ ಪುಡಿ ಬಳಿದು ಹೊತ್ತವರು, ನಯಗೊಳಿಸಲು ಕಲ್ಲು ಉಜ್ಜಿದವರು ಎಲ್ಲಿಯೂ ಸಹಿ ಹಾಕಲಿಲ್ಲ. ಅವರಲ್ಲಿ ಹೆಂಗಸರೂ ಇದ್ದಿರಲೇಬೇಕು. ಚಾವಣನ ತಂದೆ ದಾಸೋಜ ಎಂದು ಕಲ್ಲು ಹೇಳುತ್ತದೆ, ತಾಯಿಯ ಹೆಸರು ಹೇಳುವುದಿಲ್ಲ. ರಾಜನಿಂದ ರೂವಾರಿಯವರೆಗೆ ಇಳಿದು ಬಂದ ಚರಿತ್ರೆ ಇನ್ನೂ ಕೆಲವು ಮೆಟ್ಟಿಲು ಇಳಿಯಬೇಕಿದೆ. ಆದರೆ ಆ ಮೆಟ್ಟಿಲುಗಳು ಇವೆ ಎಂದು ಕಾಣಲು ಮೊದಲ ಮೆಟ್ಟಿಲನ್ನು ಯಾರಾದರೂ ಇಳಿಯಲೇಬೇಕಿತ್ತು.

ಇತಿಹಾಸ ಅನುಸಂಧಾನ ಪರಿಷತ್ತಿನ ದಿನಗಳಲ್ಲಿ ಶೆಟ್ಟರ್ ಹೊರತಂದ ಆಕರ ಗ್ರಂಥಗಳಲ್ಲಿ ಭಾರತದ ರೈಲುಮಾರ್ಗ ನಿರ್ಮಾಣದ ದಾಖಲೆಗಳ ಮೂರು ಸಂಪುಟಗಳಿವೆ. ಅವು 1832ರಿಂದ 1900ರವರೆಗಿನವು, ಅಚ್ಚಾದದ್ದು 1999ರಲ್ಲಿ. ಹೊಯ್ಸಳ ಗುಡಿಯಿಂದ ರೈಲುಹಳಿಗೆ ಬಹು ದೂರ ಎನ್ನಿಸಬಹುದು. ಆದರೆ ಚಿಕ್ಕಜಾಜೂರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಹೋಲಿಕೆ ಹೊಳೆಯುತ್ತದೆ. ಹಳಿಯ ಚರಿತ್ರೆಯಲ್ಲಿ ಕಂಪನಿಗಳ, ಎಂಜಿನಿಯರುಗಳ, ದಿವಾನರ ಹೆಸರುಗಳಿರುತ್ತವೆ. ಮಣ್ಣು ಹೊತ್ತವರ, ಜಲ್ಲಿ ಒಡೆದವರ ಹೆಸರು ಇಲ್ಲ. ಈ ವಿಷಯದಲ್ಲಿ 13ನೇ ಶತಮಾನದ ಸೋಮನಾಥಪುರವೇ 19ನೇ ಶತಮಾನಕ್ಕಿಂತ ಉದಾರವಾಗಿತ್ತು. ಅಲ್ಲಿ ಕೊನೆಪಕ್ಷ ಚೌಡೆಯ, ನಂಜಯರಿಗೆ ತಮ್ಮ ಹೆಸರು ಕೊರೆಯಲು ಕಲ್ಲಿನ ಅಂಚು ಸಿಕ್ಕಿತ್ತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅದನ್ನು ನೋಡಲು ಶೆಟ್ಟರ್ ಇರಲಿಲ್ಲ. ಅಲ್ಲಿ ಹೊಯ್ಸಳರು ಎಂಬ ಹೆಸರಿನಡಿಯೇ ಗುಡಿಗಳು ಸೇರಿವೆ, ಅದು ಸಹಜ. ಪ್ರವಾಸಿಗಳು ಹೆಚ್ಚುತ್ತಾರೆ, ಮದನಿಕೆಯರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ವಿಶ್ವದ ಪಟ್ಟಿಗೆ ಸೇರದ ಕಲ್ಲುಗಳ ಗತಿ ಬೇರೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ 12ನೇ ಶತಮಾನದ ಪಾರ್ಶ್ವನಾಥ ಬಸದಿಯಿದೆ, ಅದೂ ಹೊಯ್ಸಳ ಕಾಲದ್ದೇ. ಅದನ್ನು ನೋಡಿದ ಸಾಹಿತ್ಯ ವಿದ್ಯಾರ್ಥಿಗಳೆಷ್ಟು? ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೆಂದೇ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಮೀಸಲಾಗಿತ್ತು. ರೈಸ್ ಅದನ್ನು ಹೊರತಂದು ಶತಮಾನ ದಾಟಿದೆ. ನಮ್ಮೂರಿನ ಕಲ್ಲು ಆ ಸಂಪುಟದಲ್ಲಿ ಇದೆಯೇ ಎಂದು ನೋಡುವ ಕುತೂಹಲ ಒಂದು ತರಗತಿಯಲ್ಲಿ ಇಬ್ಬರಿಗೆ ಬಂದರೂ ಕೆಲಸ ಶುರುವಾಗುತ್ತದೆ.

ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಮೇಲೆ ಎಣ್ಣೆ ಬಣ್ಣ ಬಳಿಯುವುದು, ವೀರಗಲ್ಲನ್ನು ಕಿತ್ತು ಚರಂಡಿಗೆ ಹಾಸುಗಲ್ಲು ಮಾಡುವುದು, ಪೀಠವನ್ನು ಸಿಮೆಂಟಿನಲ್ಲಿ ಹೂಳಿ ಮೇಲೆ ಟೈಲ್ಸ್ ಕೂರಿಸುವುದು ನಮ್ಮ ಹಳ್ಳಿಗಳಲ್ಲಿ ನಡೆಯುತ್ತಲೇ ಇವೆ. ಮಾಡುವವರಲ್ಲಿ ಬಹುಪಾಲಿಗೆ ಕೆಟ್ಟ ಉದ್ದೇಶವಿಲ್ಲ, ಇರುವುದು ಭಕ್ತಿಯೇ. ಆದರೆ ವಿಗ್ರಹದ ಮುಖಕ್ಕೆ ಏನೂ ಆಗದಿದ್ದರೂ ಮೊದಲು ಅಳಿಯುವುದು ಪೀಠದ ಅಂಚಿನ ಆ ಸಣ್ಣ ಅಕ್ಷರಗಳು. ದೊರೆಯ ಹೆಸರು ತಾಮ್ರಪಟದಲ್ಲಿ, ಕಾವ್ಯದಲ್ಲಿ, ನಾಣ್ಯದಲ್ಲಿ, ಇನ್ನೂ ಹತ್ತು ಶಾಸನಗಳಲ್ಲಿ ಉಳಿದಿರುತ್ತದೆ. ಕಲೆಗಾರನ ಹೆಸರು ಇರುವುದು ಆ ಒಂದೇ ಕಡೆ. ಅಲ್ಲಿ ಸಿಮೆಂಟು ಬಿದ್ದರೆ ಅವನು ಎರಡನೆಯ ಸಲ ಸಾಯುತ್ತಾನೆ.

ಆದ್ದರಿಂದ ಮುಂದಿನ ಸಲ ಯಾವುದೇ ಹಳೆಯ ಗುಡಿಗೆ ಹೋದಾಗ, ಶಿಲ್ಪದ ಮುಖ ನೋಡಿದ ಮೇಲೆ ಕೊಂಚ ಬಗ್ಗಿ ಅದರ ಪಾದದ ಕೆಳಗೂ ನೋಡಬೇಕು. ಅಲ್ಲಿ ಎರಡು ಮೂರು ಹಳಗನ್ನಡದ ಅಕ್ಷರಗಳಿದ್ದರೆ ಅದು ಒಬ್ಬ ಮನುಷ್ಯನ ಹೆಸರಾಗಿರಬಹುದು. ಅದನ್ನು ಓದಲು ಕಲಿಯುವುದಕ್ಕೆ ಬೇಕಾದ ಪುಸ್ತಕಗಳನ್ನು ಶೆಟ್ಟರ್ ಕನ್ನಡದಲ್ಲಿಯೇ ಬರೆದಿಟ್ಟು ಹೋಗಿದ್ದಾರೆ.